ಏಣಿ ಮಾಮನ ಒಂಬತ್ತನೇ ಮಹಡಿ

ಬಜಾರಿನ ಹಿಂದಿನ ಗಲ್ಲಿಯಲ್ಲಿ ಮಿಕ್ಸಿ, ಇಸ್ತ್ರಿಪೆಟ್ಟಿಗೆ, ಫ್ಯಾನು ರಿಪೇರಿ ಮಾಡುವ ಒಂದು ಅಂಗಡಿಯಿದೆ. ಒಂದು ಬಾಗಿಲಿನಷ್ಟೇ ಅಗಲ. ಒಳಗೆ ಒಂದು ಮೇಜು, ಮೇಜಿನ ಹಿಂದೆ ನಲವತ್ತೇಳರ ಒಬ್ಬ ಹೆಂಗಸು. ಗಲ್ಲಿಯವರಿಗೆಲ್ಲ ಅವಳು ಮಿಕ್ಸಿ ಅಕ್ಕ. ರಿಪೇರಿಗೆ ಬಂದ ಪ್ರತಿ ವಸ್ತುವಿಗೂ ಅವಳು ಬಿಳಿ ಟೇಪಿನ ಚೀಟಿ ಅಂಟಿಸಿ, ಅದರ ಕಾಯಿಲೆಯನ್ನು ಒಂದೇ ಸಾಲಿನಲ್ಲಿ ಬರೆಯುತ್ತಾಳೆ. “ಜಾರ್ ತಿರುಗಲ್ಲ.” “ಬಿಸಿ ಆಗತ್ತೆ, ಆರಲ್ಲ.” “ಸುಟ್ಟ ವಾಸನೆ.” ಒಮ್ಮೆ ಗಿರಾಕಿಯೊಬ್ಬ, “ಏನಕ್ಕಾ, ಆಸ್ಪತ್ರೆ ಮಾಡಿಟ್ಟಿದೀಯಲ್ಲ” ಅಂದ. “ಆಸ್ಪತ್ರೆಗೆ ಕೆಲವರು ಸುಮ್ನೆ ಮಲಗೋಕ್ಕೂ ಹೋಗ್ತಾರಪ್ಪ. ಇಲ್ಲಿಗೆ ಬರೋವೆಲ್ಲ ದುಡಿದು ಸುಸ್ತಾದವೇ” ಅಂದಳು.

ಮನೆಯಲ್ಲಿ, ಅಮ್ಮನ ಮಂಚದ ಕೆಳಗೆ ಒಂದು ಷೂ ಡಬ್ಬಿಯಿದೆ. ಅದರಲ್ಲಿ ಹದಿನಾಲ್ಕು ಹಳೆಯ ವಿಡಿಯೋ ಗೇಮ್ ಕ್ಯಾಸೆಟ್‌ಗಳು. ಎಲ್ಲವೂ ಭಾನುವಾರದ ಸಂತೆಯ ಪಕ್ಕದಲ್ಲಿ ಗುಜರಿಯವನು ಗೋಣಿ ಹಾಸಿ ಹರಡುವ ರಾಶಿಯಿಂದ ಹೆಕ್ಕಿದವು. ತರಕಾರಿ ಚೀಲದಲ್ಲಿ ಬದನೆಕಾಯಿಯ ಕೆಳಗೆ ಕೂತು ಮನೆ ಸೇರಿದವು. ಚಿಕ್ಕಂದಿನಲ್ಲಿ ಕ್ಯಾಸೆಟ್ ಓಡದಿದ್ದರೆ ಎಲ್ಲರೂ ಒಲೆ ಊದಿದ ಹಾಗೆ ಅದರ ಬಾಯಿಗೆ ಊದುತ್ತಿದ್ದರು. ಈಗ ಅವಳಿಗೆ ಗೊತ್ತು, ಉಗುಳು ತಾಗಿ ತಾಮ್ರದ ಹಲ್ಲುಗಳು ಕಿಲುಬು ಹಿಡಿಯುತ್ತವೆ. ರಬ್ಬರಿನಿಂದ ಉಜ್ಜಿ, ಸ್ಪಿರಿಟ್ಟಿನಲ್ಲಿ ಒರೆಸಿದರೆ ಹತ್ತರಲ್ಲಿ ಎಂಟು ಬದುಕಿಕೊಳ್ಳುತ್ತವೆ.

ಅಂಗಡಿಯ ಚಾಳಿ ಮನೆಗೂ ಬಂದಿತ್ತು. ಕ್ಯಾಸೆಟ್‌ಗಳಿಗೂ ಚೀಟಿ. ಕಾಯಿಲೆ ವಾಸಿಯಾದ ಮೇಲೆ ಬರೆಯುವುದೇನು? ಎಲ್ಲಿಯವರೆಗೆ ಆಡಿದೆ, ಯಾಕೆ ಎದ್ದೆ ಅನ್ನುವುದನ್ನೇ ಬರೆದಳು. “ಮೂರನೇ ಗುಹೆ. ಹಾಲು ಉಕ್ಕಿತು.” “ಐದನೇ ಸೇತುವೆ. ಗ್ಯಾಸಿನವನು ಬಂದ.” “ಎರಡನೇ ಕಾಡು. ಇವರ ಟವೆಲ್ ಸಿಗಲಿಲ್ಲ.” ಹದಿನಾಲ್ಕರಲ್ಲಿ ಒಂದೂ ಕೊನೆ ಮುಟ್ಟಿರಲಿಲ್ಲ. ಹದಿಮೂರರ ಬಗ್ಗೆ ಅವಳಿಗೆ ಅಂಥ ಬೇಸರವೂ ಇರಲಿಲ್ಲ. ಹದಿನಾಲ್ಕನೆಯದು ಏಣಿ ಮಾಮ.

ಆ ಆಟದ ನಿಜವಾದ ಹೆಸರು ಅವಳಿಗೆ ಇವತ್ತಿಗೂ ಗೊತ್ತಿಲ್ಲ. ಲೇಬಲ್ಲಿನ ಮೇಲಿದ್ದದ್ದು ಓದಲು ಬಾರದ ಯಾವುದೋ ಲಿಪಿ. ಹೆಗಲ ಮೇಲೆ ಏಣಿ, ಕೈಯಲ್ಲಿ ದೀಪ ಹಿಡಿದ ಒಬ್ಬ ಪುಟಾಣಿ ಮನುಷ್ಯ ಒಂಬತ್ತು ಮಹಡಿಯ ಗೋಪುರ ಹತ್ತಬೇಕು. ಬಾವಲಿಗಳು ಅಡ್ಡ ಬರುತ್ತವೆ, ಮೆಟ್ಟಿಲು ಕುಸಿಯುತ್ತದೆ. ದೀಪದ ಎಣ್ಣೆ ಎಷ್ಟಿದೆ ಅಂತ ಮೂಲೆಯಲ್ಲಿ ಒಂದು ಕೆಂಪು ಗೆರೆ ತೋರಿಸುತ್ತದೆ. ಅಲ್ಲಲ್ಲಿ ಎಣ್ಣೆ ಡಬ್ಬಿ ಸಿಗುತ್ತದೆ. ಗೆರೆ ಮುಗಿದರೆ ದೀಪ ಆರಿ, ಮಾಮ ಮತ್ತೆ ನೆಲಮಹಡಿಗೆ. ಅವಳೂ ಅಣ್ಣನೂ ಸೇರಿ ಅವನಿಗೆ ಏಣಿ ಮಾಮ ಅಂತ ಹೆಸರಿಟ್ಟಿದ್ದರು.

ಟಿವಿಗೆ ಜೋಡಿಸುವ ಆಟದ ಡಬ್ಬವನ್ನು ಅಪ್ಪ ತಂದದ್ದು ಅಣ್ಣನಿಗೆ, ಅವನು ಪಾಸಾಗಿದ್ದಕ್ಕೆ. ಅವಳೂ ಪಾಸಾಗಿದ್ದಳು, ಆ ಮಾತು ಬೇರೆ. ಅಣ್ಣನ ಪಾಳಿ ಬೆಳಿಗ್ಗೆ. ಅವಳದು ಪಾತ್ರೆ ತೊಳೆದಾದ ಮೇಲೆ. ಎಂಟನೇ ಮಹಡಿ ಮುಟ್ಟುವಷ್ಟರಲ್ಲಿ ಅಡುಗೆಮನೆಯಿಂದ ಅಮ್ಮನ ಕೂಗು ಬರುತ್ತಿತ್ತು. “ಬಾರೇ, ತಟ್ಟೆ ಹಾಕು!” ಅವಳು ರಿಮೋಟಿನಲ್ಲಿ ಆಟ ನಿಲ್ಲಿಸುವ ಪಾಜ್ ಬಟನ್ ಒತ್ತಿ ಎದ್ದು ಹೋಗುತ್ತಿದ್ದಳು. ತಟ್ಟೆ ಹಾಕಿ, ನೀರಿಟ್ಟು, ಅಪ್ಪನಿಗೂ ಅಣ್ಣನಿಗೂ ಬಡಿಸಿ ಬರುವಷ್ಟರಲ್ಲಿ ದೀಪ ಆರಿ, ಮಾಮ ನೆಲಮಹಡಿಯಲ್ಲಿ ನಿಂತಿರುತ್ತಿದ್ದ. ಬಟನ್ ಸರಿಯಾಗಿ ಒತ್ತಲಿಲ್ಲವೇನೋ ಅಂದುಕೊಳ್ಳುತ್ತಿದ್ದಳು.

“ಹುಡ್ಗೀರ ಕೈಲಿ ಏಣಿ ನಿಲ್ಲಲ್ಲ ಕಣೇ” ಅನ್ನುತ್ತಿದ್ದ ಅಣ್ಣ.

“ಒಂಬತ್ತರಲ್ಲಿ ಏನಿದೆ ಅಣ್ಣ?”

“ರಾಜ ಇದಾನೆ. ಏಣಿ ಮಾಮನಿಗೆ ಕಿರೀಟ ಹಾಕ್ತಾನೆ. ಆಮೇಲೆ ಪಟಪಟಾ ಅಂತ ಕಿಡಿ, ಟಿವಿ ತುಂಬ!”

ಆ ಕಿರೀಟವನ್ನು ಅವಳು ಮೂವತ್ತೈದು ವರ್ಷ ತಲೆಯಲ್ಲಿ ಇಟ್ಟುಕೊಂಡಿದ್ದಳು. ತನ್ನ ಕೈಗೆ ಎಲ್ಲೋ ಜಾಣತನ ಸಾಲದು ಅನ್ನುವುದನ್ನೂ. ಸುಟ್ಟುಹೋದ ಮೋಟಾರಿಗೆ ಕಣ್ಣು ಮುಚ್ಚಿಕೊಂಡು ತಂತಿ ಸುತ್ತುವ ಹೆಂಗಸು ಈ ಒಂದು ವಿಷಯದಲ್ಲಿ ಮಾತ್ರ ಅಣ್ಣನ ಮಾತನ್ನು ನಂಬಿಕೊಂಡೇ ಬಂದಿದ್ದಳು.

ಹೋದ ಮಳೆಗಾಲದಲ್ಲಿ ಗುಜರಿಯವನ ಗೋಣಿಯ ಮೇಲೆ, ಒಡೆದ ಎರಡು ಫೋನುಗಳ ನಡುವೆ, ಹೆಗಲ ಮೇಲೆ ಏಣಿ ಹೊತ್ತ ಆ ಮನುಷ್ಯ ಕಂಡ. ಅರ್ಧ ಲೇಬಲ್ ಹರಿದಿತ್ತು. ಅವಳು ಅವತ್ತು ಟೊಮ್ಯಾಟೊ ಕೊಳ್ಳುವುದನ್ನೇ ಮರೆತಳು.

ಈ ಹಳೆಯ ಆಟಗಳು ಹೊಸ ಟಿವಿಗಳಲ್ಲಿ ಸರಿಯಾಗಿ ಮೂಡುವುದಿಲ್ಲ. ಮನೆಯ ಹಳೇ ಡಬ್ಬಾ ಟಿವಿಯೂ ಆಟದ ಡಬ್ಬವೂ ಇದ್ದದ್ದು ಅಮ್ಮನ ಕೋಣೆಯಲ್ಲಿ. ಮಂಡಿನೋವಿನ ಅಮ್ಮ ಮಂಚದ ಮೇಲೆ. ಕೆಳಗೆ ಚಾಪೆ ಹಾಸಿ ಮಗಳು. ಆ ಟಿವಿಗೋ ಅಂತ್ಯಕಾಲ ಬಂದಿತ್ತು. ಚಿತ್ರ ದಿನದಿಂದ ದಿನಕ್ಕೆ ಮಸುಕಾಗುತ್ತಿತ್ತು. ಅದರ ಪಿಕ್ಚರ್ ಟ್ಯೂಬ್ ಈಗ ಎಲ್ಲೂ ಸಿಗುವುದಿಲ್ಲ, ಇನ್ನು ಕೆಲವೇ ವಾರ ಅಂತ ಅವಳಿಗೆ ಗೊತ್ತಿತ್ತು. ಅಷ್ಟರೊಳಗೆ ಒಂಬತ್ತನೇ ಮಹಡಿಯನ್ನು ತನ್ನ ಕಣ್ಣಾರೆ ನೋಡಬೇಕು. ಬೇಕಾದದ್ದು ಅಷ್ಟೇ.

ಎರಡು ಭಾನುವಾರ ಎಂಟನೇ ಮಹಡಿಯಲ್ಲೇ ಕರೆ ಬಂತು, ಎದ್ದಳು, ದೀಪ ಆರಿತು. ಮೂರನೆಯ ಸಲ ಒಗೆದ ಬಟ್ಟೆ ಹಿಂಡಿ ಹರವಿ ಬಂದಾಗ ಅಮ್ಮ ಕೇಳಿದಳು.

“ಅಲ್ಲ ಕಣೇ, ನೀನು ಬಟನ್ ಒತ್ತಿ ಹೋದ್ರೂ ಆ ಕೆಂಪು ಗೆರೆ ಸಣ್ಣ ಆಗ್ತಾನೇ ಇರತ್ತಲ್ಲ?”

“ಏನು?”

“ಅವನು ಕದಲ್ದೆ ನಿಂತಿರ್ತಾನೆ. ಎಣ್ಣೆ ಮಾತ್ರ ಉರೀತಾ ಇರತ್ತೆ. ನಾನು ನೋಡ್ತಾನೇ ಇದ್ನಲ್ಲ.”

ನಿಲ್ಲಿಸಿಟ್ಟ ಆಟದ ಮುಂದೆ ಇಷ್ಟು ವರ್ಷದಲ್ಲಿ ಯಾರೂ ಸುಮ್ಮನೆ ಕೂತು ನೋಡಿರಲಿಲ್ಲ. ಮಿಕ್ಸಿ ಅಕ್ಕ ಮತ್ತೆ ಆಟ ಹಚ್ಚಿ, ಪಾಜ್ ಒತ್ತಿ, ಗಡಿಯಾರ ಹಿಡಿದು ಕೂತಳು. ಬಾವಲಿ ರೆಕ್ಕೆ ಬಿಚ್ಚಿದ ಹಾಗೇ ನಿಂತಿತ್ತು. ಕೆಂಪು ಗೆರೆ ಮಾತ್ರ ಸವೆಯುತ್ತ ಹೋಯಿತು. ಹನ್ನೊಂದು ನಿಮಿಷಕ್ಕೆ ದೀಪ ಆರಿತು. ಆಟ ಮಾಡಿದವನು ಎಲ್ಲೋ ಎಡವಟ್ಟು ಮಾಡಿದ್ದ. ಎಲ್ಲವನ್ನೂ ನಿಲ್ಲಿಸಿ, ಎಣ್ಣೆ ನಿಲ್ಲಿಸುವುದನ್ನು ಮರೆತಿದ್ದ. ಹನ್ನೊಂದು ನಿಮಿಷದಲ್ಲಿ ತಟ್ಟೆ ಹಾಕಿ, ನೀರಿಟ್ಟು, ಬಡಿಸಿ ಬರಲು ಯಾವ ಹುಡುಗಿಗೂ ಆಗುವುದಿಲ್ಲ.

ಅಮ್ಮ ಮಂಡಿ ನೀವಿಕೊಂಡಳು. “ಆವಾಗ ಕರೀತಿದ್ದದ್ದು ನಾನೇ ಅಲ್ವಾ?”

“ಹೂಂ.”

“ನಿಮ್ಮಣ್ಣನೂ ಅಲ್ಲೇ ಇರ್ತಿದ್ದ. ಅವನನ್ನ ಯಾಕೆ ಕರೀತಿರ್ಲಿಲ್ಲ ನಾನು?” ಅಮ್ಮ ತನ್ನನ್ನೇ ಕೇಳಿಕೊಂಡಳು. ಮಗಳು ಕ್ಯಾಸೆಟ್ ಒರೆಸುತ್ತಿದ್ದಳು.

ಮುಂದಿನ ಭಾನುವಾರ ಅವಳು ಐದಕ್ಕೇ ಎದ್ದಳು. ಅನ್ನ, ಸಾರು, ಎರಡು ಬಗೆ ಪಲ್ಯ ಮಾಡಿ ಮೇಜಿನ ಮೇಲೆ ಮುಚ್ಚಿಟ್ಟಳು. ತಟ್ಟೆ ಲೋಟ ಪಕ್ಕದಲ್ಲೇ, ಉಪ್ಪು ನಡುವೆ, ನೀರಿನ ಜಗ್ಗು ಭರ್ತಿ. ಹನ್ನೊಂದೂವರೆಗೆ ಗಂಡನಿಗೆ ಹೇಳಿದಳು: “ಒಂದೂವರೆ ಗಂಟೆ ನನ್ನನ್ನ ಕರೀಬೇಡಿ.”

ಗಂಡ ಪೇಪರಿನಿಂದ ತಲೆ ಎತ್ತಿದ. “ಯಾರು ಕರೀತಾರೆ ನಿನ್ನ? ಆರಾಮಾಗಿ ಆಡ್ಕೋ.” ನಿಜವಾಗಿಯೂ ಅವನು ಹಾಗೇ ನಂಬಿದ್ದ.

ಮಾಮ ಮೂರನೇ ಮಹಡಿಯಲ್ಲಿದ್ದಾಗ ಆಚೆಯಿಂದ ಗಂಡನ ಧ್ವನಿ, “ಏನೇ, ಕತ್ರಿ ಎಲ್ಲಿ?” ಅಂತ ಕೇಳಿತು. ಪರದೆಯಿಂದ ಕಣ್ಣು ತೆಗೆಯದೆ, “ಕಿಟಕಿ ಮೊಳೆಗೆ” ಅಂದಳು. ಐದರಲ್ಲಿ, “ನನ್ ಕನ್ನಡಕ ನೋಡಿದ್ಯಾ?” ಅದಕ್ಕೆ ಅಮ್ಮನೇ ಉತ್ತರ ಕೊಟ್ಟಳು: “ಮೂಗಿನ ಮೇಲೆ ನೋಡ್ಕೊಳ್ಳಿ.” ಆಚೆ ಪೇಪರಿನ ಹಾಳೆ ಮಗುಚಿದ ಸದ್ದಾಯಿತು. ಅಲ್ಲೇ ಇತ್ತೆಂದು ಕಾಣುತ್ತದೆ.

ಆರನೇ ಮಹಡಿಯಲ್ಲಿ ಅಣ್ಣ ಬಂದ. ಹದಿನೈದು ದಿನಕ್ಕೊಂದು ಭಾನುವಾರ ಅಮ್ಮನನ್ನು ನೋಡಿ, ಉಂಡು ಹೋಗುವ ರೂಢಿ. ಬಾಳೆಹಣ್ಣಿನ ಪೊಟ್ಟಣ ಹಿಡಿದು ಬಾಗಿಲಲ್ಲಿ ನಿಂತವನು ಕೂಗಿಯೇ ಬಿಟ್ಟ.

“ಅಯ್ಯೋ, ಏಣಿ ಮಾಮ! ಇನ್ನೂ ಬದುಕಿದಾನಾ ಇವನು?”

“ಕೂತ್ಕೋ ಅಣ್ಣ.”

“ಕೊಡಿಲ್ಲಿ. ಎಂಟನೇದು ನಿನ್ ಕೈಲಾಗಲ್ಲ, ನಾನು ದಾಟಿಸಿ ಕೊಡ್ತೀನಿ.” ಕೈ ಚಾಚಿದ. ಚಿಕ್ಕಂದಿನಲ್ಲಿ ಹಾಗೆ ಕೈ ಚಾಚಿದರೆ ರಿಮೋಟ್ ತಾನಾಗಿ ಆ ಕೈಗೆ ಹೋಗುತ್ತಿತ್ತು. ಇವತ್ತು ಹೋಗಲಿಲ್ಲ. ಚಾಚಿದ ಕೈಯನ್ನು ಏನು ಮಾಡಬೇಕೆಂದು ತೋಚದೆ ಅಣ್ಣ ತಲೆ ಕೆರೆದುಕೊಂಡ.

ಎಂಟನೇ ಮಹಡಿಗೆ ಗಂಡನೂ ಬಂದ. “ಭಾವ ಹಸ್ಕೊಂಡಿದಾರೆ ಕಣೇ. ಬಡಿಸಿ ಬಂದು ಆಡ್ಬಾರ್ದಾ? ಐದು ನಿಮಿಷ ನಿಲ್ಸಿಡು.”

“ನಿಲ್ಲಲ್ಲ ಇದು.”

“ಬಟನ್ ಇದ್ಯಲ್ಲ?”

“ಬಟನ್ ಇದೆ. ನಿಲ್ಲಲ್ಲ.”

ಇಬ್ಬರು ಗಂಡಸರೂ ನಿಂತೇ ಇದ್ದರು. ಅಡುಗೆ ಅಲ್ಲೇ ಹತ್ತು ಹೆಜ್ಜೆಯಲ್ಲಿ ಮೇಜಿನ ಮೇಲಿತ್ತು. ಆಗ ಮಂಚ ಕಿರ್ ಅಂದಿತು. ಅಮ್ಮ ಒಂದು ಕಾಲು ಕೆಳಗಿಟ್ಟು, ಎರಡೂ ಕೈ ಮಂಡಿಗೆ ಊರಿ, “ತಡೀರಿ, ನಾನು ಬಡಿಸ್ತೀನಿ” ಅಂತ ಏಳಲು ಹವಣಿಸುತ್ತಿದ್ದಳು.

ಮಿಕ್ಸಿ ಅಕ್ಕನ ಹೆಬ್ಬೆರಳು ತಾನಾಗಿಯೇ ಪಾಜ್ ಬಟನ್ನಿನ ಮೇಲೆ ಹೋಯಿತು. ಗಂಡ ಕರೆದರೆ ಕೂತಿರಬಹುದು, ಅಣ್ಣ ಹಸಿದರೆ ಹಸಿಯಲಿ. ಆದರೆ ಮಂಡಿನೋವಿನ ಅಮ್ಮ ಏಳುತ್ತಿದ್ದರೆ ಕೂತಿರುವುದು ಹೇಗೆ? ಅವಳನ್ನು ಎಬ್ಬಿಸುತ್ತಿದ್ದದ್ದು ಯಾವಾಗಲೂ ಇದೇ. ಕೆಂಪು ಗೆರೆ ದಾರದಷ್ಟಾಗಿತ್ತು.

“ಅಮ್ಮ, ನೀನೆದ್ರೆ ನಾನೂ ಏಳ್ಬೇಕಾಗತ್ತೆ” ಅಂದಳು. “ದಯವಿಟ್ಟು ಕೂತ್ಕೋ.”

ಅಮ್ಮ ಮಗನನ್ನು ನೋಡಿದಳು, ಅಳಿಯನನ್ನು ನೋಡಿದಳು, ಆ ಕೆಂಪು ಗೆರೆಯನ್ನು ನೋಡಿದಳು. ಕಾಲು ಎತ್ತಿ ಮತ್ತೆ ಮಂಚದ ಮೇಲಿಟ್ಟುಕೊಂಡಳು. “ಮುಚ್ಚಳ ತೆಗೆದ್ರೆ ಅನ್ನ ಇರತ್ತೆ ಕಣೋ” ಅಂದಳು ಮಗನಿಗೆ. “ಹಾವೇನೂ ಇರಲ್ಲ. ಹೋಗ್ರಿ ಇಬ್ರೂ.” ಆಮೇಲೆ ಮಗಳ ಕಡೆ ಬಾಗಿ, “ಬಲಗಡೆ ಕಂಬದ ಹಿಂದೆ ಡಬ್ಬಿ ಇದೆ ನೋಡು, ತಗೋ ತಗೋ!” ಅಂದಳು.

ಇತ್ತು. ಹಿಂದೆ ಒಂದು ಸಲವೂ ಅದು ಅವಳ ಕಣ್ಣಿಗೆ ಬಿದ್ದಿರಲಿಲ್ಲ.

ಊಟದ ಮೇಜಿನ ಕಡೆಯಿಂದ ಸೌಟು ಬಿದ್ದ ಸದ್ದು, “ಇದು ಸಾರಾ ಭಾವ?”, “ಇರ್ಬೇಕು ಭಾವ” ಅನ್ನುವ ಮಾತು ಕೇಳುತ್ತಿರುವಾಗಲೇ ಮಾಮ ಎಂಟನೇ ಮಹಡಿ ದಾಟಿದ.

ಒಂಬತ್ತರಲ್ಲಿ ರಾಜ ಇರಲಿಲ್ಲ. ಕಿರೀಟವಿಲ್ಲ, ಕಿಡಿಯಿಲ್ಲ. ಬರೀ ಒಂದು ತಾರಸಿ, ಕಪ್ಪು ಆಕಾಶ, ಒಂದು ಕೊಕ್ಕೆ. ಏಣಿ ಮಾಮ ದೀಪವನ್ನು ಕೊಕ್ಕೆಗೆ ನೇತುಹಾಕಿದ. ಹೆಗಲಿನಿಂದ ಏಣಿ ಇಳಿಸಿ ನೆಲಕ್ಕೆ ಮಲಗಿಸಿದ. ಅದರ ಮೇಲೆ ಕೂತು ಕಾಲು ಚಾಚಿದ. ಓದಲು ಬಾರದ ಲಿಪಿಯಲ್ಲಿ ಒಂದು ಸಾಲು ಮೂಡಿತು. ಅಷ್ಟೇ.

ಅಣ್ಣ ತಟ್ಟೆ ಹಿಡಿದುಕೊಂಡು ಬಾಗಿಲಿಗೆ ಬಂದಿದ್ದ.

“ಕಿರೀಟ ಎಲ್ಲಣ್ಣ?”

ಅಣ್ಣ ಅನ್ನ ಕಲಸುತ್ತಲೇ ಇದ್ದ. “ಎಂಟು ನಾನೂ ದಾಟಿಲ್ಲ ಕಣೇ” ಅಂದ ಕೊನೆಗೆ. “ನೀನು ದಿನಾ ಕೇಳ್ತಿದ್ದೆ. ಏನಾದ್ರೂ ಹೇಳ್ಬೇಕಿತ್ತಲ್ಲ.”

ಬಯ್ಯಲು ಅವಳ ಬಾಯಿಗೆ ನಾಲ್ಕು ಮಾತು ಬಂದವು. ಆದರೆ ಅವನ ತಟ್ಟೆಯಲ್ಲಿ ಸಾರೇ ಇರಲಿಲ್ಲ. ಎರಡೂ ಪಲ್ಯದ ನೀರನ್ನೇ ಸಾರು ಅಂದುಕೊಂಡು ಅನ್ನದ ಮೇಲೆ ಸುರಿದುಕೊಂಡಿದ್ದ. ನೋಡಿ ಅವಳಿಗೆ ನಗು ಬಂತು. ನಗುತ್ತ ನಗುತ್ತ ಕಣ್ಣೊರೆಸಿಕೊಂಡಳು.

“ಇಷ್ಟೇನಾ?” ಅಂದಳು ಅಮ್ಮ, ಪರದೆ ನೋಡುತ್ತ.

“ಇಷ್ಟೇ.”

“ಕಾಲು ನೋವಿರ್ಬೇಕು ಪಾಪ. ಎಷ್ಟು ಹತ್ತಿದಾನೆ! ಕೂತ್ಕೊಳ್ಲಿ ಬಿಡು, ಆರಿಸ್ಬೇಡ.”

ಅವಳು ಆರಿಸಲಿಲ್ಲ. ಚಾಪೆಯ ಮೇಲೆ ಕೂತೇ ಷೂ ಡಬ್ಬಿ ಎಳೆದುಕೊಂಡು, ಕಿಸೆಯಿಂದ ಟೇಪು ತೆಗೆದು, ಒಂದು ತುಂಡು ಹರಿದಳು. ಯಾಕೆ ಎದ್ದೆ ಅನ್ನುವುದನ್ನು ಬರೆಯುವ ಚೀಟಿ ಅದು. ಇವತ್ತು ಅವಳು ಎದ್ದೇ ಇರಲಿಲ್ಲ. ಪೆನ್ನು ಹಿಡಿದು ಯೋಚಿಸುತ್ತಿದ್ದಳು.

“ಏನು ಬರೀತಿದೀಯ?” ಅಂದಳು ಅಮ್ಮ.

“ಏನು ಬರೀಲಿ ಅಂತಾನೇ ಗೊತ್ತಾಗ್ತಿಲ್ಲ.”

“ಎಣ್ಣೆ ತೋರಿಸಿದ್ದು ನಾನು. ಅದನ್ನ ಬರಿ.”

ಆಚೆಯಿಂದ ಗಂಡನ ಧ್ವನಿ ಕೇಳಿತು, “ಏನೇ, ಉಪ್ಪು ಎಲ್ಲಿ?” ಉಪ್ಪು ಅವನ ಮುಂದೆಯೇ ಇತ್ತು. ಮಿಕ್ಸಿ ಅಕ್ಕ ಟೇಪನ್ನು ತೊಡೆಯ ಮೇಲೆ ಹಾಸಿ, ಅಕ್ಷರ ಗುಂಡಗೆ ಬರುವ ಹಾಗೆ ನಿಧಾನವಾಗಿ ಬರೆದಳು: “ಒಂಬತ್ತು. ಎಣ್ಣೆ ತೋರಿಸಿದವಳು ಅಮ್ಮ.”