ಒರೆಸಿಹೋದ ಬಾಣದ ಗುರುತು

2003ರ ಜುಲೈ 14, ಸೋಮವಾರ, ಬೆಳಿಗ್ಗೆ 10 ಗಂಟೆ 20 ನಿಮಿಷ. ಡೈರಿಯಲ್ಲಿ ಈ ಹೊತ್ತಿನ ಮುಂದೆ ‘ತಂಬ್ರಹಳ್ಳಿ ಮೇಷ್ಟ್ರು, ದುರ್ಬೀನು, ಕ್ಲೀನಿಂಗ್’ ಎಂದಷ್ಟೇ ಬರೆದುಕೊಂಡಿದ್ದೇನೆ. ಆಗ ನನಗೆ ಇಪ್ಪತ್ತಮೂರು ವರ್ಷ. ಹಗರಿಬೊಮ್ಮನಹಳ್ಳಿಯ ಒಂದು ಕನ್ನಡಕದ ಅಂಗಡಿಯಲ್ಲಿ ಫಿಟ್ಟರ್ ಆಗಿದ್ದೆ. ಗಿರಾಕಿಗಳ ಕಣ್ಣಿನ ನಂಬರ್ ನೋಡುವುದು, ಲೆನ್ಸು ಉಜ್ಜಿ ಫ್ರೇಮಿಗೆ ಕೂರಿಸುವುದು ನನ್ನ ಕೆಲಸ.

ತಂಬ್ರಹಳ್ಳಿಯ ಸಿದ್ಧಲಿಂಗಪ್ಪ ಮೇಷ್ಟ್ರು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ಎಡಗಣ್ಣು ಆಗಲೇ ಹೋಗಿತ್ತು. ಬಲಗಣ್ಣಿನ ಒಳಪದರಕ್ಕೆ ಸಕ್ಕರೆ ಕಾಯಿಲೆ ತಗುಲಿತ್ತು. ಹೆಚ್ಚೆಂದರೆ ಇನ್ನೊಂದು ವರ್ಷ ಎಂದು ಡಾಕ್ಟರು ಹೇಳಿದ್ದರು. ಅವತ್ತು ಅವರು ಕಂಬಳಿಯಲ್ಲಿ ಸುತ್ತಿ ಬಸ್ಸಿನಲ್ಲಿ ತಂದದ್ದು ಮೂರಿಂಚು ಅಗಲದ ಲೆನ್ಸಿನ ಹಿತ್ತಾಳೆ ದುರ್ಬೀನು. 1971ರಲ್ಲಿ ಬಳ್ಳಾರಿಯ ಹರಾಜಿನಲ್ಲಿ ಕೊಂಡದ್ದಂತೆ. ಮುಂದಿನ ಲೆನ್ಸಿನೊಳಗೆ ಬೂಷ್ಟು ಹಬ್ಬಿತ್ತು.

“ಆಗಸ್ಟ್ 27ಕ್ಕ ಮಂಗಳ ಗ್ರಹ ಹತ್ರ ಬರತೈತಿ, ಕೊಟ್ರೇಶ. ಇಷ್ಟು ಹತ್ರ ಸಾವಿರಾರು ವರ್ಷದಾಗ ಬಂದಿಲ್ಲ. ನನಗಿರೋದು ಒಂದ ಕಣ್ಣು, ಅದಕ್ಕೂ ವಾಯಿದೆ ಐತಿ,” ಎಂದು ನಕ್ಕರು.

ಮಂಗಳ ಸುಮಾರು ಇಪ್ಪತ್ತಾರು ತಿಂಗಳಿಗೊಮ್ಮೆ ಭೂಮಿಗೆ ಸಮೀಪವಾಗುತ್ತದೆ. 1971ರಿಂದ ಪ್ರತಿ ಸಲವೂ ಅವರು ಅದನ್ನು ನೋಡಿ ನೋಟ್‌ಬುಕ್ಕಿನಲ್ಲಿ ಚಿತ್ರ ಬರೆದಿದ್ದರು. ಒಟ್ಟು ಹದಿನೈದು. ಇದು ಹದಿನಾರನೆಯದು.

ಕಣ್ಣಿನ ನಂಬರನ್ನೂ ನೋಡಿಸಿಕೊಂಡು ಅವರು ಹೋದ ಮೇಲೆ ದುರ್ಬೀನಿನ ಲೆನ್ಸು ಬಿಚ್ಚಿದೆ. ಒಂದರ ಹಿಂದೊಂದು ಕೂತ ಎರಡು ಗಾಜುಗಳು. ನಡುವೆ, ಅಂಚಿನಲ್ಲಿ, ಕಪ್ಪಾದ ತಗಡಿನ ಮೂರು ಚೂರುಗಳು. ಕಸವೆಂದುಕೊಂಡು ಬುಟ್ಟಿಗೆ ಹಾಕಿದೆ. ಗಾಜುಗಳ ಅಂಚಿನ ಮೇಲೆ ಪೆನ್ಸಿಲಿನ ಎರಡು ಗೀರುಗಳಿದ್ದವು. ಜೋಡಿಸಿ ಹಿಡಿದರೆ ಬಾಣದ ಮೊನೆಯಂತೆ ಕೂಡುತ್ತಿದ್ದವು. ನಮ್ಮ ಕಸುಬಿನಲ್ಲಿ ಲೆನ್ಸಿನ ಮೇಲೆ ಮಸಿಯ ಚುಕ್ಕಿ ಹಾಕಿಕೊಂಡೇ ಕೂರಿಸುತ್ತೇವೆ, ಕೊನೆಗೆ ಒರೆಸುತ್ತೇವೆ. “ಗಿರಾಕಿ ಕೈಗೆ ಹೋಗೋ ಗ್ಲಾಸಿನ ಮ್ಯಾಲೆ ಒಂದು ಚುಕ್ಕಿ ಇರಬಾರದಲೇ,” ಎಂದು ಮಾಲೀಕ ಶೇಖಣ್ಣ ಮೊದಲ ದಿನವೇ ಕಲಿಸಿದ್ದರು. ಕೈ ತಾನಾಗಿಯೇ ಸ್ಪಿರಿಟ್ ಅದ್ದಿದ ಬಟ್ಟೆಗೆ ಹೋಯಿತು. ಗೀರುಗಳೂ ಹೋದವು. ಹೊತ್ತು 12.05.

ಮರಳಿ ಕೂರಿಸಿದಾಗ ಗಾಜುಗಳು ಒಂದಕ್ಕೊಂದು ತಾಗಿ ನಡುವೆ ಬಣ್ಣದ ಉಂಗುರಗಳು ಎದ್ದವು. ಮಾಳಿಗೆ ಏರಿ ದುರ್ಬೀನಿನಲ್ಲಿ ದೂರದ ನೀರಿನ ಟ್ಯಾಂಕಿನ ಮೇಲಿನ ಅಕ್ಷರಗಳನ್ನು ನೋಡಿದೆ. ಹಾಲಿನಲ್ಲಿ ಅದ್ದಿದಂತೆ ಕಾಣಿಸಿದವು. ಆಗ ತಿಳಿಯಿತು: ಆ ಬಾಣ ಗಾಜುಗಳ ಮುಖ ಯಾವ ಕಡೆಗಿರಬೇಕು, ಎಷ್ಟು ತಿರುಗಿ ಕೂರಬೇಕು ಎಂದು ತಯಾರಿಸಿದವನು ಹಾಕಿದ್ದ ಗುರುತು. ತಗಡಿನ ಚೂರುಗಳು ಎರಡರ ನಡುವೆ ಕೂದಲೆಳೆಯ ಅಂತರ ಇಡುತ್ತಿದ್ದವು. ಬುಟ್ಟಿಯ ಕಸ ಆಗಲೇ ಬೀದಿಯಲ್ಲಿ ಸುಟ್ಟುಹೋಗಿತ್ತು.

ಲೆಕ್ಕ ಹಾಕಿದೆ. ಯಾವ ಗಾಜು ಮುಂದೆ, ಯಾವುದರ ಯಾವ ಮುಖ ಹೊರಗೆ: ಎಂಟು ಬಗೆ. ಪ್ರತಿ ಬಗೆಯಲ್ಲೂ ಒಂದನ್ನು ಗಡಿಯಾರದ ಅಂಕಿಗಳಂತೆ ಹನ್ನೆರಡು ಸಲ ತಿರುಗಿಸಬಹುದು. ಒಟ್ಟು 96. ಮಾತ್ರೆ ಪಟ್ಟಿಯ ಬೆಳ್ಳಿ ಕಾಗದ ಕತ್ತರಿಸಿ ನಡುವೆ ಇಟ್ಟೆ. ಮಧ್ಯಾಹ್ನ ಅಂಗಡಿ ಮುಚ್ಚುವ ಒಂದು ಗಂಟೆಯಲ್ಲಿ ದಿನಕ್ಕೆ ಮೂರೋ ನಾಲ್ಕೋ ಬಗೆ ಜೋಡಿಸಿ, ಟ್ಯಾಂಕಿನ ಅಕ್ಷರ ನೋಡಿ, ಡೈರಿಯಲ್ಲಿ ಅಂಕ ಹಾಕುತ್ತಿದ್ದೆ. ಮೇಷ್ಟ್ರು ಈ ನಡುವೆ ನಾಲ್ಕು ಸಲ ಬಂದರು.

“ಗ್ಲಾಸು ಇನ್ನೂ ಒಣಗಬೇಕ್ರಿ ಸರ್.”

“ಏನೋ ಇದು, ಹಪ್ಪಳ ಒಣಗಾಕೂ ಇಷ್ಟು ದಿನ ಬೇಕಾಗಂಗಿಲ್ಲ,” ಎಂದು ಅವರು ಮೂರನೇ ಸಲ ಚೇಷ್ಟೆ ಮಾಡಿದರು. ಶೇಖಣ್ಣನೂ ನಕ್ಕರು. ನಾನೂ ನಕ್ಕೆ. ನಾನು ಹೇಳಿದ ಸುಳ್ಳು: ನಾಲ್ಕು.

96ರಲ್ಲಿ ಒಂದಕ್ಕೂ ಪೂರ್ತಿ ಅಂಕ ಬರಲಿಲ್ಲ. 41ನೆಯದು ಉಳಿದವಕ್ಕಿಂತ ವಾಸಿ. ಅಕ್ಷರ ಓದಬಹುದಿತ್ತು, ಸುತ್ತ ಮಬ್ಬು ಇತ್ತು. ಆಗಸ್ಟ್ 23ರಂದು ಅದನ್ನೇ ಕೊಟ್ಟು, “ಕ್ಲೀನ್ ಆಗೈತ್ರಿ ಸರ್” ಎಂದೆ. ಬೂಷ್ಟು ಹೋಗಿದ್ದಂತೂ ನಿಜ.

ಆಗಸ್ಟ್ 28, ಗುರುವಾರ, ಬೆಳಿಗ್ಗೆ 9.50. ಬಾಗಿಲು ತೆಗೆಯುವಷ್ಟರಲ್ಲಿ ಮೇಷ್ಟ್ರು ಮೆಟ್ಟಿಲ ಮೇಲೆ ಕೂತಿದ್ದರು. ನೋಟ್‌ಬುಕ್ ಬಿಡಿಸಿ ಟೇಬಲ್ಲಿನ ಮೇಲಿಟ್ಟರು. ಹದಿನಾರನೇ ಪುಟದಲ್ಲಿ ತಾರೀಖು, ಹೊತ್ತು ರಾತ್ರಿ 10.40, ‘ಆಕಾಶ ಸ್ವಚ್ಛ’ ಎಂದಿತ್ತು. ಕೆಳಗೆ ಡಬ್ಬಿ ಮುಚ್ಚಳ ಇಟ್ಟು ಎಳೆದ ವೃತ್ತ. ಒಳಗೆ ಏನೂ ಇರಲಿಲ್ಲ.

“ಕೆಂಪಗ ಹರಡಿದ್ದು ಬಿಟ್ರ ಏನೂ ಕಾಣ್ಲಿಲ್ಲಪಾ. ಕಣ್ಣು ಹೋತು ಅನಸ್ತೈತಿ. ಒಂದು ಸಲ ನೋಡು.”

ಕುರ್ಚಿಯಲ್ಲಿ ಕೂರಿಸಿ, ಗೋಡೆಯ ಅಕ್ಷರಗಳನ್ನು ಓದಿಸಿದೆ. ದೊಡ್ಡವನ್ನು ದಾಟಿ ಸಣ್ಣವಕ್ಕೆ ಬಂದರು. ಆರನೇ ಸಾಲು ತಡವರಿಸದೆ ಓದಿದರು.

“ಎಷ್ಟನೇ ಸಾಲು?”

“ಆರ್ರೀ ಸರ್.”

“ಜುಲೈದಾಗ ಬಂದಾಗ ಕಣ್ಣು ನೋಡಿದ್ಯಲ್ಲ, ಅವತ್ತ ಎಷ್ಟು?”

ಅವತ್ತಿನ ನಂಬರ್ ಬರೆದಿಟ್ಟ ಕಾರ್ಡು ನನ್ನ ಕೈಯಲ್ಲೇ ಇತ್ತು. “ಅದ ಸಾಲ್ರೀ.”

ಅವರು ನೋಟ್‌ಬುಕ್ ಮುಚ್ಚಿದರು. “ಹಂಗಾರ ಕಣ್ಣಲ್ಲ,” ಎಂದರು.

ಬಾಣ, ತಗಡು, 96 ಎಲ್ಲವನ್ನೂ ಹೇಳಿದೆ. ಶೇಖಣ್ಣ ಮುಖ ತಿರುಗಿಸಿಕೊಂಡರು. ಮೇಷ್ಟ್ರು ಬೈಯಲಿಲ್ಲ.

“ದಾವಣಗೆರಿ ಕಾಲೇಜಿನಾಗ ನನ್ನ ಶಿಷ್ಯ ಒಬ್ಬ ಅದಾನ. ಅವರಲ್ಲಿ ದುರ್ಬೀನು ಐತಿ. ಅವತ್ತ ಹೇಳಿದ್ರ ತರಸ್ತಿದ್ದೆ. ಆರು ವಾರ ಇತ್ತಲ್ಲೋ.”

ಮಂಗಳ ಇನ್ನೂ ಎರಡು-ಮೂರು ವಾರ ದೊಡ್ಡದಾಗಿಯೇ ಕಾಣುತ್ತದೆ ಎಂದೂ ಹೇಳಿದರು. ಅವತ್ತೇ ಅವರು ಹೇಳಿದಂತೆ ನಾನು ಕಾಗದ ಬರೆದೆ. ಕಾಲೇಜಿನ ಒಪ್ಪಿಗೆಗೆ ದಿನ ಹಿಡಿಯಿತು. ಸೆಪ್ಟೆಂಬರ್ 6ರ ಬೆಳಿಗ್ಗೆ ಮೇಷ್ಟ್ರ ಬಲಗಣ್ಣಿನೊಳಗೆ ರಕ್ತ ಒಸರಿ ನೋಟ ಮುಚ್ಚಿತು. ಸೆಪ್ಟೆಂಬರ್ 11ರಂದು ದಾವಣಗೆರೆಯ ದುರ್ಬೀನು ಬಸ್ಸಿನ ಟಾಪಿನ ಮೇಲೆ ಬಂತು. ಇಳಿಸಿಕೊಂಡೆ, ಮರುದಿನ ಅದೇ ಬಸ್ಸಿಗೆ ಹತ್ತಿಸಿದೆ.

ಕೊನೆಯ ಸಲ ಕಣ್ಣು ಪರೀಕ್ಷಿಸಿದಾಗ ಅವರು ಮೊದಲ ಸಾಲಿನ ಒಂಟಿ ಅಕ್ಷರವನ್ನೂ ಓದಲಿಲ್ಲ. ಹಿತ್ತಾಳೆ ದುರ್ಬೀನು ನನಗೆ ಕೊಟ್ಟುಬಿಟ್ಟರು. “ಗಾಜು ಸರಿಯಾಗಿ ಕೂಡಿದ್ರ ಯಾರಿಗಾರ ತೋರ್ಸು,” ಎಂದರು. 2005ರ ಕೊನೆಗೆ ಮಂಗಳ ಮತ್ತೆ ಸಮೀಪ ಬಂದು ಹೋಯಿತು. ಅವತ್ತಿಗೂ ಕೂಡಿರಲಿಲ್ಲ.

ಈ ಕೆಲಸ ನನಗೆ ಕಲಿಸಿದ್ದನ್ನು ಹೇಳಬೇಕಲ್ಲ. ಗುರುತು ಒರೆಸಿದ್ದು ಒಂದು ನಿಮಿಷದ ತಪ್ಪು. ಹೇಳದೆ ಕಳೆದದ್ದು ನಲವತ್ತೈದು ದಿನ. ಅವರ ಹದಿನಾರನೇ ಚಿತ್ರ ಹೋದದ್ದು ಆ ದಿನಗಳಲ್ಲಿ. ಈಗ ಗಾಜು ಒಡೆದರೂ ಗಿರಾಕಿಗೆ ಆ ಕ್ಷಣವೇ ಹೇಳುತ್ತೇನೆ. ಅದರಿಂದ ಮೇಷ್ಟ್ರಿಗೇನೂ ಉಪಯೋಗವಾಗಲಿಲ್ಲ.

ಓದುಗರಲ್ಲಿ ಹಳೆಯ ದುರ್ಬೀನುಗಳನ್ನು ಬಲ್ಲವರಿದ್ದರೆ ಒಂದು ಕೋರಿಕೆ. ಗಾಜುಗಳ ಅಡ್ಡಳತೆ 76 ಮಿಲಿಮೀಟರ್. ಒಂದು ಗಾಜು ಎರಡೂ ಕಡೆ ಉಬ್ಬಿದ್ದು. ಇನ್ನೊಂದು ಗಾಜು ಒಂದು ಕಡೆ ತಗ್ಗಿದ್ದು, ಮತ್ತೊಂದು ಕಡೆ ಹೆಚ್ಚುಕಡಿಮೆ ಸಪಾಟು. ಅಂಚಿನ ಗುರುತಿಲ್ಲದೆ ಇವನ್ನು ಕೂಡಿಸುವ ಕ್ರಮ ಯಾವುದು, ನಡುವಿನ ತಗಡು ಎಷ್ಟು ದಪ್ಪ ಇರಬೇಕು ಎಂದು ಗೊತ್ತಿದ್ದವರು ದಯವಿಟ್ಟು ಈ ಪತ್ರಿಕೆಯ ಮೂಲಕ ಬರೆಯಿರಿ. ಡೈರಿಯಲ್ಲಿ 97ನೇ ಸಾಲು ಖಾಲಿ ಬಿಟ್ಟಿದ್ದೇನೆ.