ಎಡಗಲ್ಲದ ಕೊಬ್ಬರಿ ಚೂರು

ಕೂಡ್ಲಿಗಿಯ ಸರಕಾರಿ ಕಚೇರಿಯೊಂದರಲ್ಲಿ ಕ್ಲರ್ಕ್ ಆಗಿದ್ದ ಯಶೋಧರಾ ಯಾರ ಜೊತೆಗೂ ಕೂತು ಊಟ ಮಾಡುತ್ತಿರಲಿಲ್ಲ. ಮಧ್ಯಾಹ್ನ ಎಲ್ಲರೂ ಡಬ್ಬಿ ಬಿಚ್ಚಿದರೆ ಇವಳು ತನ್ನದನ್ನು ಎತ್ತಿಕೊಂಡು ಹಳೆಯ ಕಡತಗಳ ಕೋಣೆಗೆ ಹೋಗುತ್ತಿದ್ದಳು. ಮಾತೂ ಕಡಿಮೆ, ಆಡಿದರೆ ತೊದಲು. "ಭಾಳ ಸೊಕ್ಕಿನಾಕಿ" ಎಂದು ಜೊತೆಯವರು ತೀರ್ಮಾನಿಸಿದ್ದರು. ತೀರ್ಮಾನ ಮಾಡುವವರಿಗೆ ಸಾಕ್ಷಿ ಯಾಕೆ ಬೇಕು?

ನಿಜ ಏನೆಂದರೆ, ಅವಳ ಎಡಗಲ್ಲದೊಳಗೆ ಸದಾ ಒಂದು ಒಣಕೊಬ್ಬರಿ ಚೂರು ಇರುತ್ತಿತ್ತು.

ಹೈಸ್ಕೂಲಿನಲ್ಲಿದ್ದಾಗ ಆ ಗಲ್ಲ ಇಳಿಯತೊಡಗಿತ್ತು. ನೋವಿಲ್ಲ, ಜ್ವರವಿಲ್ಲ. ಚರ್ಮದಡಿಯ ಕೊಬ್ಬು ಒಂದೇ ಮಗ್ಗುಲಲ್ಲಿ ಕರಗುತ್ತಾ ಹೋಗಿ ಗುಳಿ ಬಿದ್ದು, ಕೆಲವು ವರ್ಷಗಳ ಮೇಲೆ ತಾನಾಗಿಯೇ ನಿಂತಿತು. ಬಲದಿಂದ ನೋಡಿದರೆ ಹುಡುಗಿ, ಎಡದಿಂದ ನೋಡಿದರೆ ಮುದುಕಿ. ಹಂಪಸಾಗರದವರು ಹೆಣ್ಣು ನೋಡಲು ಬಂದ ದಿನ ತಾಯಿ ಕನಕಮ್ಮ ಅಡುಗೆಮನೆಯಲ್ಲಿ ಕೊಬ್ಬರಿ ಬಟ್ಟಲು ಮುರಿದು, ಚೂರೊಂದನ್ನು ಮಗಳ ಗಲ್ಲದೊಳಗೆ ಒತ್ತಿದಳು. "ಎಲಿ ಅಡಿಕಿ ಇಟ್ರ ಬಾಯಿ ಕೆಂಪಾಗತೈತಿ. ಇದು ಇರ್ಲಿ. ಕೇಳಿದ್ದಕ್ಕಷ್ಟ ಮಾತಾಡು, ನಗಬ್ಯಾಡ." ಸಂಬಂಧ ಕುದುರಿತು. ಕೊಬ್ಬರಿ ಮಾತ್ರ ಅಲ್ಲೇ ಉಳಿಯಿತು.

ಗಂಡ ಭೀಮರಾಜನಿಗೆ ಮೊದಲ ವಾರವೇ ಗೊತ್ತಾಗಿ, ನಕ್ಕು ಸುಮ್ಮನಾದ. ಆದರೆ ಹೊರಗಿನವರೆದುರು ಚೂರು ತೆಗೆಯಲು ಅವಳಿಗೆ ಧೈರ್ಯ ಬರಲೇ ಇಲ್ಲ. ಚೆಲುವೆ ಅನ್ನಿಸಿಕೊಳ್ಳುವ ಆಸೆ ಅವಳಿಗಿರಲಿಲ್ಲ. ನಾಲ್ಕು ಜನರ ನಡುವೆ ಕೂತು ರೊಟ್ಟಿ ಮುರಿಯಬೇಕು, ಬಾಯ್ತುಂಬ ನಗಬೇಕು, ಅಷ್ಟೇ. ಆ ಅಷ್ಟಕ್ಕೇ ಅವಳು ಒಳಗೊಳಗೇ ಅಳುತ್ತಿದ್ದಳು.

ಇಳಿದ ಗಲ್ಲ ತುಂಬುವ ಡಾಕ್ಟರು ದಾವಣಗೆರೆಯಲ್ಲಿದ್ದಾರೆಂದು ಮೊಬೈಲಿನಲ್ಲಿ ನೋಡಿ ಗಂಡನೊಂದಿಗೆ ಹೋದಳು. ಭೀಮರಾಜ ಹೊರಗೆ ಕೂತ. ಡಾಕ್ಟರು ಮುಖವನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿ, "ಇಷ್ಟು ವ್ಯತ್ಯಾಸ ಎಲ್ಲರಿಗೂ ಇರುತ್ತಮ್ಮ. ಸೂಜಿ ಯಾಕೆ?" ಎಂದು ಕಳಿಸಿಬಿಟ್ಟರು. ಬಸ್ಸು ಹರಪನಹಳ್ಳಿ ದಾಟಿದ ಮೇಲೆ ಡಾಕ್ಟರು ಅಂದದ್ದನ್ನು ಗಂಡನಿಗೆ ಹೇಳಿದಳು. ಭೀಮರಾಜ ಕೇಳಿದ: "ಅಲ್ಲಲೇ, ಕೊಬ್ಬರಿ ತಗದು ತೋರಿಸಿದ್ಯೋ ಇಲ್ಲೋ?"

ಅವಳ ಕೈ ಗಲ್ಲಕ್ಕೆ ಹೋಯಿತು. ಚೂರು ಅಲ್ಲೇ ಇತ್ತು. ಬಸ್ಸಿನವರೆಲ್ಲ ತಿರುಗಿ ನೋಡುವಂತೆ ಅವನು ನಕ್ಕ. ಅವಳೂ ಸೆರಗು ಬಾಯಿಗೆ ಒತ್ತಿ ನಕ್ಕಳು.

ಎರಡನೆಯ ಸಲ ಹೋದಾಗ ಕೂರುವ ಮೊದಲೇ ಚೂರನ್ನು ತೆಗೆದು ಡಾಕ್ಟರ ಮೇಜಿನ ಮೇಲಿಟ್ಟಳು. ಅವರು ಚೂರನ್ನು ನೋಡಿದರು, ಮುಖವನ್ನು ನೋಡಿದರು, ಆಮೇಲೆ ಬಿಡಿಸಿ ಹೇಳಿದರು. ಸೂಜಿಯಲ್ಲಿ ಜೆಲ್ ತುಂಬುವುದು ಸುಲಭ, ಆದರೆ ಒಂದೆರಡು ವರ್ಷದಲ್ಲಿ ಕರಗುತ್ತದೆ, ಮತ್ತೆ ಮತ್ತೆ ತುಂಬಿಸಬೇಕು. ಇಲ್ಲವೇ ಅವಳದೇ ಹೊಟ್ಟೆಯ ಕೊಬ್ಬನ್ನು ಸಣ್ಣ ಕೊಳವೆಯಲ್ಲಿ ತೆಗೆದು, ಸೋಸಿ, ಗಲ್ಲದೊಳಗೆ ಸ್ವಲ್ಪ ಸ್ವಲ್ಪವೇ ಕೂರಿಸಬಹುದು. ಅದರಲ್ಲೂ ಒಂದಷ್ಟು ಕರಗುತ್ತದೆ, ಹಿಡಿದುಕೊಂಡಷ್ಟು ಉಳಿಯುತ್ತದೆ.

"ಹೊಟ್ಟೀದು ಬೇಕಾದಷ್ಟು ಐತ್ರಿ, ತಗೋರಿ" ಎಂದಳು ಯಶೋಧರಾ.

ಮೊದಲು ಗಲ್ಲ ಬನ್ನಿನಂತೆ ಊದಿತು, ನೀಲಿಗಟ್ಟಿತು. ಊತ ಇಳಿದ ಮೇಲೆ ಅರ್ಧ ಗುಳಿ ಮರಳಿ ಬಂತು. ಕೆಲವು ತಿಂಗಳು ಬಿಟ್ಟು ಇನ್ನೊಮ್ಮೆ ತುಂಬಿಸಿದರು. ಈಗ ದವಡೆಯ ಹತ್ತಿರ ಒಂದು ಗೆರೆ ಉಳಿದಿದೆ, ಹುಡುಕಿದರೆ ಮಾತ್ರ ಕಾಣುತ್ತದೆ.

ವಾಸಿಯಾದ ಮೇಲೆ ಕೊಟ್ಟೂರಿನ ತವರಿಗೆ ಹೋದಳು. ಕನಕಮ್ಮನಿಗೆ ಕಣ್ಣು ಮಂಜಾಗಿತ್ತು. ಮಗಳ ಗಲ್ಲ ಸವರಿ, ತುಂಬಿದ್ದನ್ನು ಒತ್ತಿ ನೋಡಿ ಮೆಲ್ಲಗೆ ಹೇಳಿದಳು: "ಮನ್ಯಾಗ ಯಾರಿಲ್ಲವಾ. ತೆಗಿ ಅದನ್ನ."

"ಏನೂ ಇಲ್ಲಬೇ ಯವ್ವಾ."

ತಾಯಿ ನಂಬಲಿಲ್ಲ. ಯಶೋಧರಾ ಅವಳ ಬೆರಳು ಹಿಡಿದು ತನ್ನ ಬಾಯೊಳಗೆ ಇಟ್ಟುಕೊಂಡಳು. ಬೆರಳು ವಸಡು, ಗಲ್ಲದ ಸಂದನ್ನೆಲ್ಲ ತಡಕಾಡಿತು. ತಾನೇ ಇಟ್ಟ ಚೂರನ್ನು ಹುಡುಕುತ್ತಿದ್ದ ಕನಕಮ್ಮನಿಗೆ ಅದು ಸಿಗಲಿಲ್ಲ.

"ಇಷ್ಟು ವರ್ಷ ನಿನ್ನ ಬಾಯಿ ನಾನ ಮುಚ್ಚಿದ್ನಲ್ಲವಾ" ಎಂದು ಅತ್ತಳು.

"ಅದಿರ್ಲಿ, ರೊಟ್ಟಿ ತಾ. ಹಸಿವಾಗೈತಿ."

ಇಬ್ಬರೂ ಒಂದೇ ತಾಟಿನಲ್ಲಿ ಉಂಡರು. ಯಶೋಧರಾ ಬಾಯಲ್ಲಿ ತುತ್ತು ಇಟ್ಟುಕೊಂಡೇ ಕಚೇರಿಯ ಸುದ್ದಿಯನ್ನೆಲ್ಲ ಹೇಳಿದಳು, ನಡುನಡುವೆ ನಕ್ಕಳು. ಕನಕಮ್ಮ ಒಮ್ಮೆಯೂ ಸುಮ್ಮನಿರು ಅನ್ನಲಿಲ್ಲ.