ಲಾಳಿ ಎತ್ತಿದರೆ ಗಾಡಿ ನಿಲ್ಲುತ್ತಿತ್ತು

ಎದುರುಮನೆ ಅಜ್ಜಿಯ ಬಲಗೈ ತೋರುಬೆರಳಿನಲ್ಲಿ ಒಂದು ಸಣ್ಣ ಕೊರಕಲಿತ್ತು. ಜೀವಮಾನವಿಡೀ ರೇಷ್ಮೆ ಎಳೆ ಅದೇ ಜಾಗದಲ್ಲಿ ಜಾರಿ ಜಾರಿ ಆದದ್ದು. ಚಿಕ್ಕವಳಿದ್ದಾಗ ನಾನು ಅದರೊಳಗೆ ನನ್ನ ಉಗುರು ಇಟ್ಟು ನೋಡುತ್ತಿದ್ದೆ. ಮರದ ಲಾಳಿ ಹಿಡಿದು ಮಗ್ಗಕ್ಕೆ ಕೂತರೆ ಅಜ್ಜಿ ಕೊಳ್ಳೇಗಾಲದ ಎಷ್ಟೋ ನೇಕಾರರಲ್ಲಿ ಒಬ್ಬಳು. ಅದೇ ಲಾಳಿ ಹಿಡಿದು ಬೆಂಗಳೂರಿನ ಕನಕಪುರ ರಸ್ತೆಯಲ್ಲಿ ನಿಂತಳೋ, ಅವಳ ಸಮ ಇನ್ನೊಬ್ಬರಿಲ್ಲ!

ತಿಂಗಳಿಗೊಮ್ಮೆ ನೇಯ್ದ ಸೀರೆಗಳನ್ನು ಬೆಂಗಳೂರಿನ ಅಂಗಡಿಗೆ ಕೊಟ್ಟು ಬರುತ್ತಿದ್ದಳು. ಹೋಗುವಾಗ ಬಸ್ಸು, ಬರುವಾಗ ಸಿಕ್ಕಿದ ಗಾಡಿ. ಹೆಂಗಸರಿಗೆ ಬಸ್ಸು ಉಚಿತವಾದ ಮೇಲೂ ಬದಲಾಗಲಿಲ್ಲ. "ಫ್ರೀ ಏನೋ ಸರಿ, ಉಸ್ರು ಬುಡಕ್ಕೂ ಜಾಗ ಇಲ್ವಲ್ಲವ್ವ" ಎನ್ನುತ್ತಿದ್ದಳು. ಲಿಫ್ಟ್ ಕೇಳುವವರೆಲ್ಲ ಕೈ ಅಡ್ಡ ಹಿಡಿದರೆ ಅಜ್ಜಿ ಲಾಳಿ ಎತ್ತುತ್ತಿದ್ದಳು. ಮನೆಮನೆಯಲ್ಲೂ ಮಗ್ಗ ನೋಡಿ ಬೆಳೆದ ನಮ್ಮ ಕಡೆ ಡ್ರೈವರುಗಳಿಗೆ ಅದು ದೂರದಿಂದಲೇ ಗುರುತು ಸಿಗುತ್ತಿತ್ತು.

ಇದನ್ನು ನಾನು ಕಣ್ಣಾರೆ ಕಂಡದ್ದು ಅಕ್ಕನ ಮದುವೆಯ ಹಿಂದಿನ ದಿನ. ಧಾರೆ ಸೀರೆ ಅಜ್ಜಿಯೇ ನೇಯ್ದದ್ದು. ಆದರೆ ನಮ್ಮಕ್ಕನಿಗೆ ಸೆರಗಿನ ಕುಚ್ಚು ಮಾತ್ರ ಬೆಂಗಳೂರಿನ ಹೊಸ ಡಿಸೈನಿನದೇ ಆಗಬೇಕಿತ್ತು. ಕೊಳ್ಳೇಗಾಲದಲ್ಲಿ ಕುಚ್ಚು ಕಟ್ಟುವವರೇ ಸತ್ತುಹೋಗಿದ್ದರೇನೋ! ಕುಚ್ಚು ಕಟ್ಟಲು ಕೊಟ್ಟಿದ್ದ ಸೀರೆ ತರಲು ಅಜ್ಜಿ, ನಾನು ಬೆಳಗ್ಗೆಯೇ ಹೋದೆವು. ಅಕ್ಕ, ಅಪ್ಪ, ಅಮ್ಮ ಹನೂರಿನ ಛತ್ರಕ್ಕೆ ಹೊರಟಿದ್ದರು. ದೀಪ ಹಚ್ಚುವ ಹೊತ್ತಿಗೆ ಸೀರೆಗೆ ಅರಿಶಿನ ಮುಟ್ಟಿಸಿ ದೇವರ ಮುಂದೆ ಇಡುವುದು ನಮ್ಮ ಮನೆಯ ಪದ್ಧತಿ. ಸೀರೆ ಕೈಗೆ ಬಂದಾಗ ಮಧ್ಯಾಹ್ನ ಹನ್ನೆರಡು. ಬಸ್ ನಿಲ್ದಾಣಕ್ಕೆ ಬಂದರೆ ದಿಢೀರ್ ಮುಷ್ಕರ, ಒಂದೂ ಬಸ್ಸಿಲ್ಲ. ನಾನು ಅಲ್ಲೇ ಅಳಲು ಶುರುಮಾಡಿದೆ.

"ಅಳದ ಆಮೇಲ್ ಅಳೀವಂತೆ, ನಡಿ" ಎಂದು ಅಜ್ಜಿ ಆಟೋ ಹತ್ತಿಸಿದಳು.

ಕನಕಪುರ ರಸ್ತೆಯ ಕೊನೆಯ ಸಿಗ್ನಲ್ಲಿನಲ್ಲಿ ಇಳಿದೆವು. ನಾನು ಕಂಡಕಂಡ ಕಾರಿಗೆಲ್ಲ ಕೈಯೊಡ್ಡಿದೆ. ಒಂದು ನಿಂತೇಬಿಟ್ಟಿತು, ಹಾರೋಹಳ್ಳಿವರೆಗೆ ಅಂತೆ. ನಾನು ಬಾಗಿಲು ತೆಗೆದರೆ ಅಜ್ಜಿ ಜಡೆ ಹಿಡಿದೆಳೆದಳು.

"ಅರ್ದ ದಾರಿ ಗಾಡಿ ಅತ್ಬ್ಯಾಡ ಕಣೇ. ಗಾಡಿ ಮೋರೆ ನೋಡ್ಬ್ಯಾಡ, ಬೆನ್ನು ನೋಡು."

ಕೆಂಪು ದೀಪ ಬಿದ್ದಾಗಲೆಲ್ಲ ನಿಂತ ಗಾಡಿಗಳ ಹಿಂಭಾಗಕ್ಕೆ ಇಣುಕಿ ಬರುತ್ತಿದ್ದಳು. ನಾಲ್ಕನೇ ಸಲ ಓಡೋಡಿ ಬಂದಳು, ಕಣ್ಣು ಹೊಳೆಯುತ್ತಿತ್ತು. "ಬಾಳೆಗೊನೆ ಇಳಿಸಿ ವಾಪಸ್ ಓಯ್ತಾವ್ನೆ. ನಂಬರ್ ಕೆಎ ಹತ್ತು, ನಮ್ ಜಿಲ್ಲೆ ಗಾಡಿ!" ಹಸಿರು ದೀಪ ಬೀಳುವಷ್ಟರಲ್ಲಿ ಮುಂದೆ ಹೋಗಿ ನಿಂತು ಲಾಳಿ ಎತ್ತಿದಳು. ಗಾಡಿ ಕಿರ್ರೆಂದು ನಿಂತಿತು.

"ಏನಜ್ಜೀ, ಮಗ್ಗ ಬುಟ್ಟು ಇಲ್ಲೇನ್ ಮಾಡ್ತಿದ್ದೀಯೆ?" ಡ್ರೈವರ್ ನಗುತ್ತ ಕೇಳಿದ. ಕೊಳ್ಳೇಗಾಲದ ಪಕ್ಕದ ಮುಳ್ಳೂರಿನವನು.

ಮುಂದೆ ಅವನ ಪಕ್ಕ ಯಳಂದೂರಿನ ಇಬ್ಬರು ರೈತರಿದ್ದರು. ಇಳಿಯುತ್ತೇವೆ ಎಂದರೂ ಅಜ್ಜಿ ಒಪ್ಪಲಿಲ್ಲ. "ನೀವ್ ಕುಂತ್ಕಳಿ, ನಂಗೆ ಗಾಳಿ ಬೇಕು" ಎಂದು ಹಿಂದೆಯೇ ಹತ್ತಿದಳು. ನಾನು ಒಳಗೆ ನೋಡಿದ್ದು ಹತ್ತಿದ ಮೇಲೆ. ಒಳಗೆಲ್ಲ ಬಾಳೆಯ ಸೊನೆ! ಅದು ಬಟ್ಟೆಗೆ ತಾಕಿದರೆ ಕಪ್ಪು ಕರೆ, ಏನು ತಿಕ್ಕಿದರೂ ಹೋಗದು. ಅಜ್ಜಿ ಕಾಲು ಚಾಚಿ ಕೂತು, ಸೀರೆಯ ಗಂಟನ್ನು ಮಡಿಲಿಗೆ ಹಾಕಿ, ಎರಡೂ ಕೈಯಲ್ಲಿ ತಬ್ಬಿಕೊಂಡಳು. ಗಾಡಿ ಕುಲುಕಿದಾಗಲೆಲ್ಲ ಅವಳು ಅತ್ತಿತ್ತ ಜಾರುತ್ತಿದ್ದಳು, ಗಂಟು ಮಾತ್ರ ನೆಲ ಮುಟ್ಟಲಿಲ್ಲ. ಮಳವಳ್ಳಿ ದಾಟಿ, ಕಾವೇರಿ ಸೇತುವೆಯ ಮೇಲೆ ತಣ್ಣನೆ ಗಾಳಿ ಮುಖಕ್ಕೆ ಹೊಡೆದಾಗ ನಾವಿಬ್ಬರೂ ಕಾರಣವಿಲ್ಲದೆ ಕೂಗಿದೆವು. ಅಷ್ಟು ಖುಷಿಯ ಪ್ರಯಾಣವನ್ನು ನಾನು ಇಂದಿಗೂ ಮಾಡಿಲ್ಲ.

ಕೊಳ್ಳೇಗಾಲ ತಲುಪಿದಾಗ ಐದಾಗಿತ್ತು. ಹನೂರಿಗೂ ಬಸ್ಸಿಲ್ಲ. ಅಜ್ಜಿ ಇಳಿದು ಮತ್ತೆ ಲಾಳಿ ಎತ್ತಿ ನಿಂತಳು.

"ಇನ್ನೂ ಎಲ್ಲಿಗಜ್ಜಿ?" ಡ್ರೈವರ್ ಕೇಳಿದ.

"ಅನೂರ್ಗೆ ಕಣಪ್ಪ. ದಾರೆ ಸೀರೆ ಅದೆ ಮಡ್ಲಲ್ಲಿ."

"ಅಯ್ಯೋ, ಅದ ಮೊದ್ಲೇ ಏಳದಲ್ವಾ!" ಅವನು ಹಣೆ ಚಚ್ಚಿಕೊಂಡ. ರೈತರು ಇಳಿದು ನಮ್ಮನ್ನು ಮುಂದೆ ಕೂರಿಸಿದರು. ಮುಳ್ಳೂರನ್ನು ಮರೆತು ಅವನು ಗಾಡಿ ತಿರುಗಿಸಿಯೇಬಿಟ್ಟ. ಕಾಮಗೆರೆ ಬಂದದ್ದೂ ಗೊತ್ತಾಗಲಿಲ್ಲ, ಹೋದದ್ದೂ ಗೊತ್ತಾಗಲಿಲ್ಲ. ಛತ್ರದ ಬಾಗಿಲಲ್ಲಿ ಅಮ್ಮ ದೀಪದ ಬತ್ತಿ ಹಿಡಿದು ನಿಂತಿದ್ದಳು. ಸೀರೆ ಬಿಚ್ಚಿದೆವು. ಒಂದು ಚುಕ್ಕೆಯೂ ಇರಲಿಲ್ಲ.

ಅಜ್ಜಿಯ ಸೀರೆ ಮಾತ್ರ ಸೊಂಟದಿಂದ ಅಂಚಿನವರೆಗೆ ಕರೆಯಾಗಿತ್ತು. ಮದುವೆಗೆಂದೇ ಉಟ್ಟು ಬಂದಿದ್ದ ಅವಳ ಒಂದೇ ಒಂದು ಒಳ್ಳೆಯ ರೇಷ್ಮೆ ಸೀರೆ. ಬೇರೆ ಕೊಡುತ್ತೇವೆಂದರೂ ಕೇಳದೆ ಮರುದಿನ ಅದನ್ನೇ ಉಟ್ಟು ಮುಂದಿನ ಸಾಲಿನಲ್ಲಿ ಕೂತಳು. ಅಕ್ಕ ಕಾಲಿಗೆರಗಿ ಅತ್ತರೆ, "ಅಳ್ಬ್ಯಾಡವ್ವ, ನಂದೂ ಒಸ ಡಿಸೈನೇ" ಎಂದು ಕರೆ ತೋರಿಸಿದಳು.

ಹೋದ ವರ್ಷ ಮಧ್ಯಾಹ್ನ ಉಂಡು ಮಲಗಿದವಳು ಏಳಲಿಲ್ಲ. ತಿಥಿಯ ದಿನ ಅವಳ ಮಗ ಲಾಳಿ ತಂದು ನನ್ನ ಕೈಗಿಟ್ಟ. "ನಿಂಗೇ ಕೊಡ್ಬೇಕು ಅಂತ ಏಳಿದ್ಲು" ಎಂದ.

ಮೊನ್ನೆ ಊರಿಗೆ ಹೊರಟವಳು ಅದೇ ಸಿಗ್ನಲ್ಲಿನಲ್ಲಿ ನಿಂತೆ. ನಾಚಿಕೆಯಾಗುತ್ತಿತ್ತು, ಆದರೂ ಲಾಳಿ ಎತ್ತಿದೆ. ಟೊಮೆಟೊ ಕ್ರೇಟುಗಳ ಗಾಡಿಯೊಂದು ನಿಂತಿತು. ಡ್ರೈವರನ್ನು ನಾನೆಂದೂ ಕಂಡಿರಲಿಲ್ಲ. ಅವನು ನನ್ನ ಮುಖ ನೋಡಲಿಲ್ಲ, ನನ್ನ ಹಿಂದೆ ಯಾರನ್ನೋ ಹುಡುಕಿದ.

"ಅಜ್ಜಿ ಎಲ್ರೀ?"

"ಅಜ್ಜಿ ಓಗ್ಬುಟ್ರು ಕಣಣ್ಣ."

ಅವನು ಎಂಜಿನ್ ಆರಿಸಿದ. ಲಾಳಿ ಇಸಿದುಕೊಂಡು ಕಣ್ಣಿಗೊತ್ತಿಕೊಂಡ. ಸ್ಟೀರಿಂಗಿನ ಮುಂದೆ, ಮಾದಪ್ಪನ ಫೋಟೋ ಪಕ್ಕದಲ್ಲಿ ಇಟ್ಟ. ಕೊಳ್ಳೇಗಾಲದವರೆಗೂ ಅದು ಅಲ್ಲೇ ಇತ್ತು.